ಈಗ ಅಚ್ಚಾದ ಹೊಕುಸಾಯಿ ಚಿತ್ರ ಹಳೆಯದೋ, ಹೊಸದೋ, ನಕಲೋ?

ಜಯನಗರದ ಓದುಗ | ಶನಿವಾರ, ಬೆಳಿಗ್ಗೆ 9:40

ಗೆಳೆಯರೇ, ಒಂದು ಪ್ರಶ್ನೆ ಎರಡು ವಾರಗಳಿಂದ ಮನಸ್ಸನ್ನು ಕೊರೆಯುತ್ತಿದೆ. ಕೆಲಸದ ನಿಮಿತ್ತ ಟೋಕಿಯೊಗೆ ಹೋಗಿದ್ದಾಗ ಮರದಚ್ಚಿನ ಚಿತ್ರಗಳ ಅಂಗಡಿಯೊಂದರಲ್ಲಿ ಜಪಾನಿನ ಹೆಸರಾಂತ ಕಲಾವಿದ ಹೊಕುಸಾಯಿಯ ‘ಕನಗಾವದ ಮಹಾ ಅಲೆ’ಯನ್ನು ಕೊಂಡು ತಂದೆ. ಅದು ಯಂತ್ರದಲ್ಲಿ ಮುದ್ರಿಸಿದ ಪೋಸ್ಟರ್ ಅಲ್ಲ. ಈಗ ಬದುಕಿರುವ ಕುಶಲಕರ್ಮಿಗಳು ಹಲಗೆಗಳನ್ನು ಹೊಸದಾಗಿ ಕೆತ್ತಿ, ಕೈಯಲ್ಲಿ ತಯಾರಾದ ಕಾಗದದ ಮೇಲೆ ಒಂದೊಂದೇ ಬಣ್ಣವನ್ನು ಕೈಯಿಂದ ಒತ್ತಿ ಮಾಡಿದ ಅಚ್ಚು ಅದು. ಅಂಗಡಿಯ ಹಿರಿಯರು ಅದನ್ನು ಎರಡೂ ಕೈಗಳಲ್ಲಿ ಹಿಡಿದು ತೋರಿಸಿದ ರೀತಿಯನ್ನು ನಾನು ಮರೆಯಲಾರೆ.

ಮನೆಗೆ ಬಂದ ನಮ್ಮ ಚಿಕ್ಕಪ್ಪ ಚಿತ್ರಕಲಾ ಶಿಕ್ಷಕರಾಗಿ ನಿವೃತ್ತರಾದವರು. ಬಹಳ ಹೊತ್ತು ನೋಡಿ, “ಕೆಲಸ ಚೆನ್ನಾಗಿದೆ, ಆದರೆ ಇದು ನಕಲು ಕಣಪ್ಪ. ಹೊಕುಸಾಯಿ ತೀರಿಕೊಂಡದ್ದು 1849ರಲ್ಲಿ. ನಿನ್ನ ಗೋಡೆಯ ಮೇಲಿರುವುದು ಅವನ ಕೃತಿಯಾಗುವುದು ಹೇಗೆ?” ಎಂದರು. ಉತ್ತರ ಹೊಳೆಯಲಿಲ್ಲ. ಆದರೆ ‘ನಕಲು’ ಎಂಬ ಮಾತನ್ನು ಒಪ್ಪಿಕೊಳ್ಳುವುದಕ್ಕೂ ಆಗಲಿಲ್ಲ.

ಜಪಾನಿನ ಕಲೆ ಹಳೆಯದನ್ನೂ ಹೊಸದನ್ನೂ ಬೆಸೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆ ಬೆಸುಗೆ ಇರುವುದು ಎಲ್ಲಿ? ಹಳೆಯ ಚಿತ್ರವನ್ನು ಹಳೆಯ ಕ್ರಮದಲ್ಲೇ ಮತ್ತೆ ಮಾಡುವವರಲ್ಲಿಯೋ, ಹಳೆಯದನ್ನು ಮುರಿದು ಹೊಸದನ್ನು ಕಟ್ಟುವವರಲ್ಲಿಯೋ? ಬಲ್ಲವರು ದಯವಿಟ್ಟು ವಿವರಿಸಬೇಕು.

ಅಚ್ಚುಮೊಳೆ | ಶನಿವಾರ, ಬೆಳಿಗ್ಗೆ 10:15

ನಿಮ್ಮ ಚಿಕ್ಕಪ್ಪನವರ ಮೇಲೆ ಪೂರ್ಣ ಗೌರವವಿಟ್ಟೇ ಹೇಳುತ್ತೇನೆ, ಅವರ ಪ್ರಶ್ನೆ ತೈಲಚಿತ್ರಕ್ಕೆ ಸಲ್ಲುತ್ತದೆಯೇ ಹೊರತು ಮರದಚ್ಚಿಗೆ ಸಲ್ಲುವುದಿಲ್ಲ. ‘ಮಹಾ ಅಲೆ’ಗೆ ಮೂಲಪ್ರತಿ ಎಂಬುದೇ ಇಲ್ಲ. ಎದೊ ಕಾಲದ (1603–1868) ಉಕಿಯೊ-ಎ ಎಂಬ ಮರದಚ್ಚಿನ ಚಿತ್ರಗಳಲ್ಲಿ ಕಲಾವಿದ ತೆಳುವಾದ ಕಾಗದದ ಮೇಲೆ ಗೆರೆಚಿತ್ರ ಬರೆದುಕೊಡುತ್ತಿದ್ದ. ಕೆತ್ತುವವನು ಆ ಕಾಗದವನ್ನು ಮಗುಚಿ ಕಾಡುಚೆರ್ರಿ ಮರದ ಹಲಗೆಗೆ ಅಂಟಿಸಿ, ಗೆರೆಗಳನ್ನು ಉಳಿಸಿ ಮಿಕ್ಕದ್ದನ್ನು ಕೆತ್ತಿ ತೆಗೆಯುತ್ತಿದ್ದ. ಅಂದರೆ ಹೊಕುಸಾಯಿ ತನ್ನ ಕೈಯಾರೆ ಬರೆದ ಆ ಚಿತ್ರ ಹಲಗೆಯ ಮೇಲೆಯೇ ಚೂರುಚೂರಾಗಿ ಹೋಗಿದೆ.

ಮೊದಲು ಬಂಡವಾಳ ಹಾಕುವ ಪ್ರಕಾಶಕ, ಅನಂತರ ಬರೆಯುವವ, ಕೆತ್ತುವವ, ಒತ್ತುವವ, ಹೀಗೆ ನಾಲ್ವರು ಸೇರದೆ ಅಲ್ಲಿ ಚಿತ್ರವಿಲ್ಲ. ಜಪಾನೀಯರು ಇವರನ್ನು ಹನ್‌ಮೊತೊ, ಎಶಿ, ಹೊರಿಶಿ, ಸುರಿಶಿ ಎಂದು ಕರೆಯುತ್ತಾರೆ. 1830ರ ದಶಕದ ಆರಂಭದಲ್ಲಿ ಈ ಚಿತ್ರ ಎದೊ, ಅಂದರೆ ಇಂದಿನ ಟೋಕಿಯೊ ನಗರದ ಅಂಗಡಿಗಳಲ್ಲಿ ಒಂದು ಬಟ್ಟಲು ಸೋಬಾ ಶಾವಿಗೆಯ ಬೆಲೆಯ ಆಸುಪಾಸಿನಲ್ಲಿ ಮಾರಾಟವಾಗುತ್ತಿತ್ತು. ಅದನ್ನು ಕೊಂಡವರಲ್ಲಿ ಯಾರೂ ‘ಮೂಲಪ್ರತಿ ಎಲ್ಲಿದೆ’ ಎಂದು ಕೇಳಿರಲಾರರು.

ತುಂಗಾತೀರ | ಶನಿವಾರ, ಬೆಳಿಗ್ಗೆ 10:32

ಮೂಲಪ್ರತಿಯೇ ಇಲ್ಲವೆಂದ ಮೇಲೆ 2023ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 27 ಲಕ್ಷ ಡಾಲರ್‌ಗೂ ಮಿಕ್ಕಿ ಮಾರಾಟವಾದದ್ದು ಏನು?

ಅಚ್ಚುಮೊಳೆ | ಶನಿವಾರ, ಬೆಳಿಗ್ಗೆ 10:58

ಅದು ಹಲಗೆ ಹೊಸದಾಗಿದ್ದಾಗ ಒತ್ತಿದ ಒಂದು ಪ್ರತಿ, ತುಂಗಾತೀರ ಅವರೇ. ಸಾವಿರಾರು ಸಲ ಒತ್ತಿದ ಮೇಲೆ ಮರದ ಗೆರೆ ಸವೆಯುತ್ತದೆ. ಶೀರ್ಷಿಕೆಯ ಸುತ್ತಲಿನ ಚೌಕದ ಗೆರೆ ಎಲ್ಲೆಲ್ಲಿ ತುಂಡಾಗಿದೆ ಎಂದು ನೋಡಿ, ಪ್ರತಿ ಮೊದಲಿನದೋ ಕೊನೆಯದೋ ಎಂದು ತಜ್ಞರು ಹೇಳಬಲ್ಲರು. ಬೆಲೆ ಬಂದದ್ದು ಆ ಗೆರೆಯ ತಾಜಾತನಕ್ಕೆ ಮತ್ತು ಉಳಿದುಬಂದ ಪ್ರತಿಗಳ ವಿರಳತೆಗೆ.

ಒಸಾಕಾದ ಕನ್ನಡತಿ | ಶನಿವಾರ, ಮಧ್ಯಾಹ್ನ 12:20

ನಾನು ಒಂಬತ್ತು ವರ್ಷಗಳಿಂದ ಒಸಾಕಾದಲ್ಲಿದ್ದೇನೆ. ಎರಡು ವರ್ಷ ಪ್ರತಿ ಭಾನುವಾರ ಮರದಚ್ಚಿನ ತರಗತಿಗೆ ಹೋಗಿದ್ದರಿಂದ ಕೈಯ ಅನುಭವದಿಂದ ನಾಲ್ಕು ಮಾತು ಹೇಳಬಲ್ಲೆ.

ನೋಡುವವರಿಗೆ ಕೆತ್ತನೆಯೇ ಕಷ್ಟವೆನಿಸುತ್ತದೆ, ಆದರೆ ನನ್ನನ್ನು ಸೋಲಿಸಿದ್ದು ಒತ್ತುವ ಕೆಲಸ. ಕಾಗದ ಒದ್ದೆಯೂ ಆಗಿರಬಾರದು, ಒಣಗಿರಲೂಬಾರದು. ಅದರ ತೇವ ಒಂದಿಷ್ಟು ಹೆಚ್ಚು ಕಡಿಮೆಯಾದರೂ ಕಾಗದ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಆಗ ಮೂರನೆಯ ಬಣ್ಣ ಎರಡನೆಯ ಬಣ್ಣದ ಅಂಚಿನಿಂದ ಜಾರಿ ನಿಲ್ಲುತ್ತದೆ. ಪ್ರತಿ ಹಲಗೆಯ ಮೂಲೆಯಲ್ಲಿ ಮತ್ತು ಅಂಚಿನಲ್ಲಿ ‘ಕೆಂತೊ’ ಎಂಬ ಎರಡು ಕಚ್ಚುಗಳಿರುತ್ತವೆ, ಕಾಗದವನ್ನು ಪ್ರತಿ ಸಲವೂ ಅವುಗಳಿಗೆ ತಾಗಿಸಿಯೇ ಇಡಬೇಕು. ಹಲಗೆಯ ಮೇಲೆ ಬಣ್ಣವನ್ನೂ ಅಕ್ಕಿಯ ಅಂಟನ್ನೂ ಕುಂಚದಿಂದ ಹರಡಿ, ಕಾಗದವನ್ನು ಇಳಿಸಿ, ‘ಬರೆನ್’ ಎಂಬ ದುಂಡನೆಯ ಉಪಕರಣದಿಂದ ಹಿಂಬದಿಯನ್ನು ಉಜ್ಜುತ್ತಾರೆ. ನಮ್ಮ ಗುರುಗಳು ಕುಂಚದ ತುದಿಯನ್ನು ಒಣಗಿಸಿದ ಶಾರ್ಕ್ ಮೀನಿನ ಚರ್ಮಕ್ಕೆ ಉಜ್ಜಿ ಮೃದು ಮಾಡುತ್ತಿದ್ದರು. ಅದೂ ಎದೊ ಕಾಲದಿಂದ ಬಂದ ಪದ್ಧತಿಯೇ.

ಆಕಾಶದಲ್ಲಿ ಬಣ್ಣ ಗಾಢದಿಂದ ತಿಳಿಯಾಗಿ ಕರಗುತ್ತದಲ್ಲ, ಅದಕ್ಕೆ ‘ಬೊಕಾಶಿ’ ಎನ್ನುತ್ತಾರೆ. ಅದನ್ನು ಹಲಗೆಯಲ್ಲಿ ಕೆತ್ತಲು ಬರುವುದಿಲ್ಲ. ಒತ್ತುವವರು ಒಂದೊಂದು ಪ್ರತಿಗೂ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕುಂಚದ ಒಂದು ಬದಿಗೆ ಮಾತ್ರ ಬಣ್ಣ ತಾಗಿಸಿ, ಆ ಕ್ಷಣಕ್ಕೆ ಮಾಡಬೇಕು. ಹಾಗಾಗಿ ನೂರು ಪ್ರತಿಗಳಿದ್ದರೆ ಆ ಆಕಾಶವನ್ನು ನೂರು ಸಲ ಹೊಸದಾಗಿ ಮಾಡಿರುತ್ತಾರೆ.

ಓದುಗರೇ, ಸಾಧ್ಯವಾದರೆ ನಿಮ್ಮ ಚಿತ್ರವನ್ನು ಚೌಕಟ್ಟಿನಿಂದ ತೆಗೆದು, ಮಗುಚಿ, ಓರೆಯಾಗಿ ಬೀಳುವ ಬೆಳಕಿನಲ್ಲಿ ಹಿಂಬದಿಯನ್ನು ನೋಡಿ. ಬರೆನ್ ಓಡಾಡಿದ ಸುತ್ತು ಸುತ್ತು ಗುರುತುಗಳು ಕಾಣಬೇಕು.

ಹಾಸನದ ಮೇಷ್ಟ್ರು | ಶನಿವಾರ, ಮಧ್ಯಾಹ್ನ 1:45

ಕೌಶಲದ ಬಗ್ಗೆ ನನಗೆ ತಕರಾರಿಲ್ಲ, ಆದರೆ ಕೌಶಲವನ್ನೂ ಸೃಷ್ಟಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಇನ್ನೊಬ್ಬನ ಗೆರೆಯನ್ನು ಚಾಚೂ ತಪ್ಪದೆ ಕೆತ್ತುವವನು ಎಷ್ಟೇ ನಿಪುಣನಾದರೂ ತನ್ನದೊಂದು ಮಾತನ್ನು ಹೇಳಿದಂತಾಗುವುದಿಲ್ಲ. ಇದು ನನ್ನೊಬ್ಬನ ವಾದವೂ ಅಲ್ಲ, ಜಪಾನಿನ ಕಲಾವಿದರೇ ನೂರು ವರ್ಷಗಳ ಹಿಂದೆ ಹೂಡಿದ ವಾದ. 1904ರಲ್ಲಿ ಯಮಮೊತೊ ಕನಾಯೆ ಎಂಬ ತರುಣ ‘ಬೆಸ್ತ’ ಎಂಬ ಪುಟ್ಟ ಚಿತ್ರವನ್ನು ತಾನೇ ಬರೆದು, ತಾನೇ ಕೆತ್ತಿ, ತಾನೇ ಒತ್ತಿದ. ಅಲ್ಲಿಂದ ‘ಸೊಸಾಕು-ಹಂಗ’, ಅಂದರೆ ಸೃಜನಶೀಲ ಅಚ್ಚು ಎಂಬ ಚಳವಳಿ ಹುಟ್ಟಿತು. ಅವರ ದೃಷ್ಟಿಯಲ್ಲಿ ಕೆಲಸವನ್ನು ಹಂಚಿಕೊಂಡು ಮಾಡಿದ ಅಚ್ಚು ಕಾರ್ಖಾನೆಯ ಸರಕು. ಒನ್‌ಚಿ ಕೊಶಿರೊ ಅವರ ಅಮೂರ್ತ ಅಚ್ಚುಗಳನ್ನು ಒಮ್ಮೆ ನೋಡಿ, ಆಗ ‘ಮಹಾ ಅಲೆ’ಯನ್ನು ಮತ್ತೆ ಮತ್ತೆ ಒತ್ತುವುದು ಎಷ್ಟು ಸುರಕ್ಷಿತವಾದ ಕೆಲಸವೆಂದು ತಿಳಿಯುತ್ತದೆ.

ಅಚ್ಚುಮೊಳೆ | ಶನಿವಾರ, ಮಧ್ಯಾಹ್ನ 2:10

ಮೇಷ್ಟ್ರೇ, ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು, ಅದನ್ನು ಬಿಟ್ಟು ಹೇಳಿದರೆ ಕಥೆ ಅರ್ಧವಾಗುತ್ತದೆ. ವತನಬೆ ಶೊಜಬುರೊ ಎಂಬ ಪ್ರಕಾಶಕರು ಆ ನಾಲ್ವರ ಹಳೆಯ ವ್ಯವಸ್ಥೆಯನ್ನೇ ಇಟ್ಟುಕೊಂಡು ಹೊಸ ಕಲಾವಿದರಿಂದ ಹೊಸ ಚಿತ್ರಗಳನ್ನು ಬರೆಸಿದರು. ‘ಶಿನ್-ಹಂಗ’ ಎಂದರೆ ಅದು. 1923ರ ಕಾಂತೊ ಭೂಕಂಪದ ಬೆಂಕಿಯಲ್ಲಿ ಅವರ ಅಂಗಡಿ, ಹಲಗೆಗಳು, ಪ್ರತಿಗಳು ಎಲ್ಲವೂ ಸುಟ್ಟುಹೋದವು, ಆ ಹೊಸ ಕಲಾವಿದರಲ್ಲಿ ಒಬ್ಬರಾದ ಕವಸೆ ಹಸುಯಿ ಅವರ ರೇಖಾಪುಸ್ತಕಗಳೂ ಹೋದವು. ಆದರೂ ಅವರು ಮತ್ತೆ ಆರಂಭಿಸಿದರು. ಹಸುಯಿ ಅವರ ಹಿಮ ಬೀಳುವ ಸಂಜೆಗಳನ್ನು ನೋಡಿದವರು ಅವನ್ನು ಕಾರ್ಖಾನೆಯ ಸರಕು ಎನ್ನಲಾರರು. ಕೆತ್ತುವವರು, ಒತ್ತುವವರು ಉಳಿದಿದ್ದರಿಂದಲೇ ಅಂಥ ಚಿತ್ರಗಳು ಸಾಧ್ಯವಾದವು.

ಕುಂಚ ಹಿಡಿದವಳು | ಶನಿವಾರ, ಮಧ್ಯಾಹ್ನ 3:05

ಮೇಷ್ಟ್ರು ಹೇಳಿದ ದಾರಿಯಲ್ಲಿ ನನಗೆ ಅತ್ಯಂತ ಪ್ರಿಯರಾದವರು ಮುನಕಾತ ಶಿಕೊ. ಅವೊಮೊರಿಯ ಕಮ್ಮಾರನ ಮಗ. ಕಣ್ಣು ಎಷ್ಟು ಮಂದವೆಂದರೆ ಮುಖವನ್ನು ಹಲಗೆಗೆ ತಾಗುವಷ್ಟು ಹತ್ತಿರ ತಂದು ಕೆತ್ತುತ್ತಿದ್ದರು. 1956ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಅಚ್ಚುಚಿತ್ರಕ್ಕೆ ಸಿಗುವ ಮಹಾಪ್ರಶಸ್ತಿ ಅವರಿಗೆ ಬಂತು. ಅವರ ಹೆಸರಾಂತ ಕೃತಿ ಬುದ್ಧನ ಹತ್ತು ಮಹಾಶಿಷ್ಯರ ಸಾಲು. ಶಾರಿಪುತ್ರ, ಮೌದ್ಗಲ್ಯಾಯನ, ಮಹಾಕಾಶ್ಯಪ, ಆನಂದ ಎಂದು ಆ ಹೆಸರುಗಳನ್ನು ಓದುವಾಗ ನಮಗೆ ಅನುವಾದವೇ ಬೇಕಾಗುವುದಿಲ್ಲ.

ಇಲ್ಲಿ ನನಗೆ ಸದಾ ಬೆರಗು ಹುಟ್ಟಿಸುವ ಒಂದು ಸಂಗತಿಯಿದೆ. ಮುನಕಾತ ಹುಡುಗನಾಗಿದ್ದಾಗ ಪತ್ರಿಕೆಯೊಂದರಲ್ಲಿ ವ್ಯಾನ್ ಗೋನ ‘ಸೂರ್ಯಕಾಂತಿ’ಯ ಮುದ್ರಿತ ಚಿತ್ರವನ್ನು ನೋಡಿ, ತಾನೂ ವ್ಯಾನ್ ಗೋ ಆಗುತ್ತೇನೆಂದು ಹೊರಟವರು. ಆ ವ್ಯಾನ್ ಗೋ 1887ರಲ್ಲಿ ಪ್ಯಾರಿಸ್ಸಿನಲ್ಲಿ ಕುಳಿತು ಎದೊ ಕಾಲದ ಕಲಾವಿದ ಹಿರೊಶಿಗೆಯ ಮರದಚ್ಚುಗಳನ್ನು, ಕಮೆಯಿದೊದ ಪ್ಲಮ್ ತೋಟವನ್ನೂ ಸೇತುವೆಯ ಮೇಲಿನ ಹಠಾತ್ ಮಳೆಯನ್ನೂ, ತೈಲವರ್ಣದಲ್ಲಿ ಪ್ರತಿ ಮಾಡಿ ಕಲಿತವನು. ಹಿರೊಶಿಗೆಯಿಂದ ವ್ಯಾನ್ ಗೋ, ವ್ಯಾನ್ ಗೋನಿಂದ ಮುನಕಾತ, ಮುನಕಾತನಿಂದ ಮತ್ತೆ ಮರದ ಹಲಗೆ. ಈ ಸುತ್ತಿನಲ್ಲಿ ಯಾವುದು ನಕಲು, ಯಾವುದು ಸೃಷ್ಟಿ ಎಂದು ಗೆರೆ ಎಳೆಯಲು ನನ್ನಿಂದಂತೂ ಆಗುವುದಿಲ್ಲ.

ತುಂಗಾತೀರ | ಶನಿವಾರ, ಸಂಜೆ 4:30

ಆದರೂ ಹೊಕುಸಾಯಿಯ ಕಾಲದ್ದು ಹೊರಗಿನ ಗಾಳಿ ಸೋಕದ ಶುದ್ಧ ಜಪಾನೀ ಕಲೆಯಲ್ಲವೇ? ಆಗ ದೇಶದ ಬಾಗಿಲೇ ಮುಚ್ಚಿತ್ತು. ಈಗಿನವರು ಪಶ್ಚಿಮವನ್ನು ನೋಡಿ ಮಾಡುವುದನ್ನು ಅದಕ್ಕೆ ಹೋಲಿಸುವುದು ಸರಿಯೆನಿಸುವುದಿಲ್ಲ.

ಕಡಲ ತಡಿ | ಶನಿವಾರ, ಸಂಜೆ 5:02

ಬಾಗಿಲು ಮುಚ್ಚಿದ್ದು ನಿಜ, ಆದರೆ ನಾಗಸಾಕಿಯಲ್ಲಿ ಡಚ್ಚರಿಗೂ ಚೀನೀಯರಿಗೂ ಒಂದು ಕಿಂಡಿ ತೆರೆದಿತ್ತು. ‘ಮಹಾ ಅಲೆ’ಯ ಆ ಗಾಢವಾದ ನೀಲಿ ಬಂದದ್ದು ಆ ಕಿಂಡಿಯಿಂದಲೇ. ಅದು ಪ್ರಷ್ಯನ್ ನೀಲಿ, ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ತಯಾರಾದ ರಾಸಾಯನಿಕ ಬಣ್ಣ. ಜಪಾನೀಯರು ಅದನ್ನು ‘ಬೆರೊ-ಐ’, ಅಂದರೆ ಬರ್ಲಿನ್ ನೀಲಿ ಎಂದೇ ಕರೆದರು. ಆ ಚಿತ್ರದಲ್ಲಿ ಅಂಚಿನ ಗೆರೆಯೂ ಕಪ್ಪಲ್ಲ, ನೀಲಿ. ದೂರದಲ್ಲಿ ಫ್ಯುಜಿಯನ್ನು ಅಷ್ಟು ಚಿಕ್ಕದಾಗಿಸಿ ಹತ್ತಿರದ ಅಲೆಯನ್ನು ಬೆಟ್ಟದಷ್ಟು ಮಾಡಿದ್ದರಲ್ಲಿ ದೂರ-ಹತ್ತಿರವನ್ನು ತೋರಿಸುವ ಯುರೋಪಿನ ಚಿತ್ರಣಕ್ರಮದ ಪಾಠವಿದೆ. ಹೊಕುಸಾಯಿ ತನ್ನ ಕಾಲಕ್ಕೆ ಅತ್ಯಂತ ಆಧುನಿಕನಾಗಿದ್ದ. ನಾವು ಇಂದು ಪರಂಪರೆ ಎನ್ನುತ್ತಿರುವುದು ಎಪ್ಪತ್ತು ದಾಟಿದ ಒಬ್ಬ ಮುದುಕನ ಪ್ರಯೋಗ.

ಬೆಳಗಾವಿ ಹುಡುಗಿ | ಶನಿವಾರ, ಸಂಜೆ 6:15

ಹಾಗಾದರೆ ಇಂದಿನ ಕಲಾವಿದ ಮುರಕಾಮಿ ತಕಾಶಿ ಅವರನ್ನೂ ಇದೇ ಸಾಲಿನಲ್ಲಿ ಕೂರಿಸುತ್ತೀರಾ? ನಗುವ ಹೂವುಗಳು, ಕೈಚೀಲಗಳು, ಕಾರ್ಟೂನು ಮುಖಗಳು. ನನಗೆ ಅದರಲ್ಲಿ ಪರಂಪರೆ ಕಾಣುವುದಿಲ್ಲ.

ಕುಂಚ ಹಿಡಿದವಳು | ಶನಿವಾರ, ಸಂಜೆ 6:50

ಕೂರಿಸಲೇಬೇಕು ತಂಗಿ. ಅವರು ಟೋಕಿಯೊ ಕಲಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಪಡೆದದ್ದು ನಿಹೊಂಗದಲ್ಲಿ, ಅಂದರೆ ಜಪಾನೀ ಕ್ರಮದ ಚಿತ್ರಕಲೆಯಲ್ಲಿ. ಖನಿಜಗಳನ್ನು ಅರೆದ ಬಣ್ಣ, ಪ್ರಾಣಿಜನ್ಯ ಸರೇಸು, ಚಿಪ್ಪಿನ ಬಿಳಿ, ರೇಷ್ಮೆ ಅಥವಾ ಕಾಗದ, ಇವುಗಳಲ್ಲಿ ವರ್ಷಗಟ್ಟಲೆ ಕೈ ಪಳಗಿಸಿದವರು. ಚುಕ್ಕೆಗಳ ಚಿತ್ರಗಳಿಗೆ ಹೆಸರಾದ ಕುಸಾಮ ಯಾಯೊಯಿ ಕೂಡ ತರುಣಿಯಾಗಿದ್ದಾಗ ಕ್ಯೋಟೊದಲ್ಲಿ ನಿಹೊಂಗವನ್ನೇ ಕಲಿತವರು, ಅಲ್ಲಿನ ಕಟ್ಟುಪಾಡು ಹಿಡಿಸದೆ ಹೊರಬಂದವರು.

ಮುರಕಾಮಿಯವರ ‘ಸೂಪರ್‌ಫ್ಲಾಟ್’ ಎಂಬ ವಾದದ ತಿರುಳು ಇಷ್ಟು: ಹಳೆಯ ಜಪಾನೀ ಪಟಗಳಲ್ಲಿಯೂ ಇಂದಿನ ಅನಿಮೆಯಲ್ಲಿಯೂ ಆಳದ ಭ್ರಮೆ ಇಲ್ಲ, ಕಣ್ಣು ಮೇಲ್ಮೈಯ ಮೇಲೆ ಓಡಾಡುತ್ತದೆ. ಇದನ್ನು ಒಪ್ಪಬಹುದು, ಬಿಡಬಹುದು. ಆದರೆ 2011ರ ಭೂಕಂಪ ಮತ್ತು ತ್ಸುನಾಮಿಯ ನಂತರ ಅವರು ಮಾಡಿದ ‘ಐನೂರು ಅರ್ಹಂತರು’ ಚಿತ್ರವನ್ನು ನೋಡದೆ ತೀರ್ಮಾನಿಸಬೇಡಿ. ಅದು ಮೂರು ಮೀಟರ್ ಎತ್ತರ, ನೂರು ಮೀಟರ್ ಉದ್ದ. ಹತ್ತೊಂಬತ್ತನೆಯ ಶತಮಾನದಲ್ಲಿ ಕನೊ ಕಜುನೊಬು ಎಂಬ ಚಿತ್ರಕಾರ ಜೊಜೊಜಿ ದೇವಾಲಯಕ್ಕಾಗಿ ಇದೇ ವಸ್ತುವನ್ನು ನೂರು ಪಟಗಳಲ್ಲಿ ಬರೆದಿದ್ದ, ಮುರಕಾಮಿ ಅದನ್ನು ಎದುರಿಗಿಟ್ಟುಕೊಂಡೇ ಆರಂಭಿಸಿದರು. ಊರೂರುಗಳನ್ನು ನೀರು ಕೊಚ್ಚಿಕೊಂಡು ಹೋದ ಮೇಲೆ, ದುಃಖಿತರ ನಡುವೆ ಉಳಿದು ಸಂತೈಸುವ ಅರ್ಹಂತರನ್ನು ಅವರು ಏಕೆ ನೆನೆದರು ಎಂದು ಯೋಚಿಸಿ.

ಹಾಸನದ ಮೇಷ್ಟ್ರು | ಶನಿವಾರ, ರಾತ್ರಿ 8:05

ಆ ಚಿತ್ರದ ಬಗ್ಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ‘ನಿಹೊಂಗ’ ಎಂಬುದನ್ನು ಪುರಾತನ ಪರಂಪರೆ ಎಂದು ಯಾರೂ ತಿಳಿಯಬಾರದು. ಮೆಯಿಜಿ ಕಾಲದಲ್ಲಿ (1868–1912) ಪಾಶ್ಚಾತ್ಯ ತೈಲಚಿತ್ರ ಬಂದ ಮೇಲೆ, ಅದರಿಂದ ಬೇರೆಯೆಂದು ತೋರಿಸುವುದಕ್ಕಾಗಿ ‘ಜಪಾನೀ ಚಿತ್ರ’ ಎಂಬ ಹೆಸರು ಬಳಕೆಗೆ ಬಂತು. ಅಮೆರಿಕದಿಂದ ಬಂದ ಫೆನೊಲೋಸ ಮತ್ತು ಅವರ ಶಿಷ್ಯ ಒಕಾಕುರ ಕಕುಜೊ ಇಬ್ಬರೂ ಸೇರಿ ಅದಕ್ಕೆ ಒಂದು ಸಿದ್ಧಾಂತ ಕೊಟ್ಟರು. ಟೋಕಿಯೊದ ಲಲಿತಕಲಾ ಶಾಲೆ ತೆರೆದದ್ದು 1889ರಲ್ಲಿ. ಪರಂಪರೆಯೂ ಎಷ್ಟೋ ಸಲ ಹೊಸಬರೇ ಕೂಡಿಸಿ ಕಟ್ಟಿದ್ದು.

ಮೈಸೂರು ಮಲ್ಲಿಗೆ ಬಳ್ಳಿ | ಶನಿವಾರ, ರಾತ್ರಿ 9:10

ಒಕಾಕುರ ಅವರ ಹೆಸರು ಬಂದದ್ದರಿಂದ ನಮ್ಮ ನಾಡಿಗೆ ತಾಗುವ ಒಂದು ಎಳೆಯನ್ನು ಹೇಳುತ್ತೇನೆ. ಒಕಾಕುರ 1902ರ ಸುಮಾರಿಗೆ ಕಲ್ಕತ್ತೆಯಲ್ಲಿ ಠಾಕೂರರ ಮನೆಯವರ ಒಡನಾಟದಲ್ಲಿದ್ದರು. ಅವರು ಹಿಂದಿರುಗಿದ ಮೇಲೆ 1903ರಲ್ಲಿ ತಮ್ಮ ಶಿಷ್ಯರಾದ ಯೊಕೊಯಾಮ ತಾಯ್ಕಾನ್ ಮತ್ತು ಹಿಶಿದ ಶುನ್‌ಸೊ ಇಬ್ಬರನ್ನೂ ಅಲ್ಲಿಗೆ ಕಳುಹಿಸಿದರು. ಅಂಚಿನ ಗೆರೆಯನ್ನು ಬಿಟ್ಟು ಬಣ್ಣವನ್ನು ಮಂಜಿನಂತೆ ಹರಡುವ ಅವರ ಕ್ರಮವನ್ನು ಜಪಾನಿನ ವಿಮರ್ಶಕರು ‘ಮೊರೊತಾಯಿ’, ಅಂದರೆ ಮಬ್ಬು ಶೈಲಿ ಎಂದು ಹೀಗಳೆದಿದ್ದರು. ಅದೇ ಕ್ರಮ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಕಣ್ಣಿಗೆ ಬಿತ್ತು. ಅವರ ‘ವಾಷ್’ ಪದ್ಧತಿ ರೂಪುಗೊಂಡದ್ದು ಆ ಒಡನಾಟದಲ್ಲಿ.

ಆ ಅವನೀಂದ್ರರ ಬಳಿ ಕಲಿಯಲು ಮೈಸೂರಿನಿಂದ ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಹೋದವರೇ ನಮ್ಮ ಕೆ. ವೆಂಕಟಪ್ಪನವರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯೇ ಇದೆ. ಊಟಿಯ ಮಂಜನ್ನು, ಗುಡ್ಡಗಳ ಹಿಂದಿನ ಬೆಳಕನ್ನು ಅವರು ಜಲವರ್ಣದಲ್ಲಿ ಹಿಡಿದದ್ದನ್ನು ನೋಡುವಾಗ ತಾಯ್ಕಾನರ ಮಬ್ಬು ನನಗೆ ಪ್ರತಿ ಸಲವೂ ನೆನಪಾಗುತ್ತದೆ.

ಅಚ್ಚುಮೊಳೆ | ಶನಿವಾರ, ರಾತ್ರಿ 9:35

ಒಂದು ಸಣ್ಣ ತಿದ್ದುಪಡಿಗೆ ಅನುಮತಿ ಇರಲಿ. ಅವನೀಂದ್ರರು ಜಪಾನೀಯರ ಕ್ರಮವನ್ನು ಹಾಗೆಯೇ ತೆಗೆದುಕೊಳ್ಳಲಿಲ್ಲ. ತಾಯ್ಕಾನ್ ಒದ್ದೆ ಕುಂಚವನ್ನು ಚಿತ್ರದ ಮೇಲೆ ಆಡಿಸುತ್ತಿದ್ದುದನ್ನು ನೋಡಿದ ಅವನೀಂದ್ರರು ಇಡೀ ಹಾಳೆಯನ್ನೇ ನೀರಿನಲ್ಲಿ ಅದ್ದಿ ತೆಗೆಯುವ ಪದ್ಧತಿಯನ್ನು ಕಂಡುಕೊಂಡರು. ವೆಂಕಟಪ್ಪನವರೂ ಆಮೇಲೆ ಗುರುವಿನ ಮಬ್ಬಿನಿಂದ ದೂರ ಸರಿದು, ಕಂಡದ್ದನ್ನು ಕಂಡಷ್ಟೇ ಖಚಿತವಾಗಿ ಬರೆಯುವತ್ತ ಹೋದರು. ಆದ್ದರಿಂದ ಊಟಿಯ ಚಿತ್ರಗಳಲ್ಲಿ ತಾಯ್ಕಾನರನ್ನು ನೇರವಾಗಿ ಕಾಣುವುದು ಸ್ವಲ್ಪ ಹೆಚ್ಚಾಯಿತು.

ಮೈಸೂರು ಮಲ್ಲಿಗೆ ಬಳ್ಳಿ | ಶನಿವಾರ, ರಾತ್ರಿ 9:50

ಹದಿನೈದು ಸಲವಾದರೂ ಆ ಚಿತ್ರಗಳ ಮುಂದೆ ನಿಂತಿದ್ದೇನೆ ಸರ್. ಖಚಿತತೆ ಇದೆ ಎನ್ನುವುದನ್ನು ಒಪ್ಪುತ್ತೇನೆ, ಮಂಜು ಇಲ್ಲ ಎನ್ನುವುದನ್ನು ಒಪ್ಪುವುದಿಲ್ಲ.

ಸಂಸ್ಕೃತಿ ಪಥಿಕ | ಭಾನುವಾರ, ಬೆಳಿಗ್ಗೆ 7:30

ಮೂಲ ಪ್ರಶ್ನೆಗೆ ಮರಳುತ್ತೇನೆ. ‘ಹಳೆಯದು’ ಎಂದರೆ ಹಳೆಯ ವಸ್ತುವೇ ಆಗಬೇಕೆಂಬ ನಮ್ಮ ಎಣಿಕೆಯೇ ಇಲ್ಲಿ ಅಡ್ಡಿಯಾಗಿದೆ. ಜಪಾನಿನ ಇಸೆ ಮಹಾದೇಗುಲವನ್ನು ನೋಡಿ. ಕ್ರಿ.ಶ. 690ರಿಂದ ಆರಂಭವಾದ ಕ್ರಮದಂತೆ ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸ ಮರದಿಂದ ಅದೇ ದೇಗುಲವನ್ನು ಕಟ್ಟಿ, ಹಳೆಯದನ್ನು ಕಳಚುತ್ತಾರೆ. 62ನೆಯ ಸಲ ಕಟ್ಟಿದ್ದು 2013ರಲ್ಲಿ, ಮುಂದಿನದು 2033ರಲ್ಲಿ. ಒಬ್ಬ ಬಡಗಿ ಇಪ್ಪತ್ತರ ಹರೆಯದಲ್ಲಿ ಸಹಾಯಕನಾಗಿ, ನಲವತ್ತರಲ್ಲಿ ಮುಖ್ಯ ಕೆಲಸಗಾರನಾಗಿ, ಅರವತ್ತರಲ್ಲಿ ಮೇಲ್ವಿಚಾರಕನಾಗಿ ಮೂರು ಸಲ ಪಾಲ್ಗೊಳ್ಳಬಹುದು. ಕಟ್ಟಡಕ್ಕಿಂತಲೂ ಕಟ್ಟುವ ವಿದ್ಯೆಗೆ ಅಲ್ಲಿ ಆಯುಷ್ಯ ಹೆಚ್ಚು.

ಹಾಸನದ ಮೇಷ್ಟ್ರು | ಭಾನುವಾರ, ಬೆಳಿಗ್ಗೆ 8:20

ಆ ಸರಪಳಿ ಅಖಂಡವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹದಿನೈದು-ಹದಿನಾರನೆಯ ಶತಮಾನಗಳ ಅಂತರ್ಯುದ್ಧಗಳ ಕಾಲದಲ್ಲಿ ನೂರಕ್ಕೂ ಹೆಚ್ಚು ವರ್ಷ ಆ ಪುನರ್ನಿರ್ಮಾಣ ನಿಂತೇ ಹೋಗಿತ್ತು.

ಸಂಸ್ಕೃತಿ ಪಥಿಕ | ಭಾನುವಾರ, ಬೆಳಿಗ್ಗೆ 8:41

ನಿಂತದ್ದು ನಿಜ. ನಿಂತದ್ದನ್ನು ಮತ್ತೆ ಆರಂಭಿಸಿದರು ಎಂಬುದೂ ಅಷ್ಟೇ ನಿಜ. ನನಗೆ ಎರಡನೆಯದು ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಇಳಕಲ್ ಸೆರಗು | ಭಾನುವಾರ, ಬೆಳಿಗ್ಗೆ 10:05

ನಮ್ಮದು ನೇಕಾರರ ಮನೆತನ, ಆದ್ದರಿಂದ ನನ್ನ ಗಮನ ಕ್ಯೋಟೊದ ನಿಶಿಜಿನ್ ನೇಯ್ಗೆಯ ಕಡೆಗೆ ಹೋಗುತ್ತದೆ. 1868ರ ನಂತರ ರಾಜಧಾನಿ ಟೋಕಿಯೊಗೆ ಹೋಗಿ, ಅರಮನೆಯ ಗಿರಾಕಿಗಳೂ ಹೋಗಿ, ನಿಶಿಜಿನ್ ನೆಲಕಚ್ಚುವ ಸ್ಥಿತಿಗೆ ಬಂದಿತ್ತು. ಆಗ 1872ರಲ್ಲಿ ಮೂವರು ನೇಕಾರರನ್ನು ಫ್ರಾನ್ಸಿನ ಲಿಯಾನ್ ನಗರಕ್ಕೆ ಕಳುಹಿಸಿದರು. ಅವರಲ್ಲಿ ಇಬ್ಬರು ತೂತು ಹೊಡೆದ ರಟ್ಟುಗಳ ನೆರವಿನಿಂದ ಚಿತ್ತಾರ ನೇಯುವ ಜಕಾರ್ಡ್ ಮಗ್ಗದ ವಿದ್ಯೆಯನ್ನು ಹೊತ್ತು ಊರಿಗೆ ಮರಳಿದರು. ಮೂರನೆಯವರಾದ ಯೊಶಿದ ಚುಶಿಚಿ ಹಿಂದಿರುಗುವಾಗ 1874ರಲ್ಲಿ ಇಜು ಕರಾವಳಿಯ ಬಳಿ ಹಡಗು ಮುಳುಗಿ ಸತ್ತರು. ಮನೆ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು ಹೋದ ಆ ಜೀವವನ್ನು ನೆನೆದರೆ ಸಂಕಟವಾಗುತ್ತದೆ. ಇಂದು ‘ಸಾಂಪ್ರದಾಯಿಕ’ ಎನಿಸಿಕೊಳ್ಳುವ ನಿಶಿಜಿನ್ ಜರತಾರಿ ಆ ಮಗ್ಗದ ಮೇಲೆಯೇ ಉಳಿದದ್ದು.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 1688ರಿಂದ ನಡೆದುಬಂದಿರುವ ಹೊಸೊ ಎಂಬ ಮನೆತನದವರು, ಕಿಮೊನೊ ಉಡುವವರು ಕಡಿಮೆಯಾದಂತೆ ಬೇರೆ ಮಾರುಕಟ್ಟೆ ಹುಡುಕಬೇಕಾಯಿತು. ಒಬಿ ನಡುಪಟ್ಟಿಯ ಅಗಲ ಸುಮಾರು 32 ಸೆಂಟಿಮೀಟರ್. ಅಷ್ಟು ಕಿರಿದಾದ ಬಟ್ಟೆಯಿಂದ ಗೋಡೆಗೂ ಪೀಠೋಪಕರಣಕ್ಕೂ ಹೊದಿಸಿದರೆ ಎಲ್ಲೆಡೆ ಹೊಲಿಗೆಯೇ ಕಾಣುತ್ತದೆ. ಅವರು 150 ಸೆಂಟಿಮೀಟರ್ ಅಗಲ ನೇಯುವ ಮಗ್ಗವನ್ನು ಹೊಸದಾಗಿ ಕಟ್ಟಿಸಿದರು. ಕಾಗದಕ್ಕೆ ಚಿನ್ನದ ಅಥವಾ ಬೆಳ್ಳಿಯ ರೇಕು ಅಂಟಿಸಿ ಎಳೆಯಾಗಿ ಸೀಳಿ ನೇಯುವ ಹಳೆಯ ವಿದ್ಯೆಯೇ ಈಗ ಜಗತ್ತಿನ ದೊಡ್ಡ ಮಳಿಗೆಗಳ ಗೋಡೆಯ ಮೇಲಿದೆ. ಮಗ್ಗದ ಅಗಲ ಬದಲಾಯಿಸುವುದೆಂದರೆ ಏನೆಂದು ನೇಯುವವರಿಗೆ ಗೊತ್ತು. ಪ್ರತಿಯೊಂದು ಎಳೆಯ ಬಿಗಿಯನ್ನೂ ಮೊದಲಿನಿಂದ ಲೆಕ್ಕ ಹಾಕಬೇಕಾಗುತ್ತದೆ.

ಬೆಳಗಾವಿ ಹುಡುಗಿ | ಭಾನುವಾರ, ಬೆಳಿಗ್ಗೆ 10:40

ಅಲ್ಲಿನ ಸರ್ಕಾರ ಕುಶಲಕರ್ಮಿಗಳನ್ನು ‘ಜೀವಂತ ರಾಷ್ಟ್ರೀಯ ನಿಧಿ’ ಎಂದು ಗೌರವಿಸಿ ಹಣ ಕೊಡುವುದರಿಂದ ಇದೆಲ್ಲ ಸಾಧ್ಯವಾಗಿದೆ ಎಂದು ಓದಿದ್ದೇನೆ.

ಒಸಾಕಾದ ಕನ್ನಡತಿ | ಭಾನುವಾರ, ಬೆಳಿಗ್ಗೆ 11:30

ಅದು ಭಾಗಶಃ ಮಾತ್ರ ನಿಜ. 1949ರ ಜನವರಿಯಲ್ಲಿ ಹೊರ್ಯುಜಿ ದೇವಾಲಯದ ಪ್ರಾಚೀನ ಭಿತ್ತಿಚಿತ್ರಗಳು ಬೆಂಕಿಗೆ ತುತ್ತಾದ ಆಘಾತದಿಂದ 1950ರ ಸಾಂಸ್ಕೃತಿಕ ಆಸ್ತಿ ಸಂರಕ್ಷಣಾ ಕಾಯ್ದೆ ಬಂತು. 1954ರ ತಿದ್ದುಪಡಿಯ ನಂತರ ವಿದ್ಯೆಯನ್ನು ಹೊತ್ತಿರುವ ವ್ಯಕ್ತಿಗಳನ್ನು ಗುರುತಿಸತೊಡಗಿದರು. ಅವರಿಗೆ ಸಿಗುವುದು ವರ್ಷಕ್ಕೆ 20 ಲಕ್ಷ ಯೆನ್, ಅದೂ ಶಿಷ್ಯರನ್ನು ತರಬೇತುಗೊಳಿಸಿ ವಿದ್ಯೆಯನ್ನು ದಾಟಿಸುವ ಸಲುವಾಗಿ. ಒಬ್ಬ ಕಾಗದ ತಯಾರಕರಿಗೆ ಗೌರವ ಸಿಕ್ಕಿತು ಎನ್ನೋಣ. ಅವರಿಗೆ ಕಾಗದದ ನಾರಿಗಾಗಿ ಕೋಜೊ ಗಿಡ ಬೆಳೆದುಕೊಡುವ ರೈತ, ಬಿದಿರಿನ ಜಾಲರಿ ಹೆಣೆಯುವವ, ಆ ಜಾಲರಿಗೆ ರೇಷ್ಮೆ ದಾರ ಹೊಸೆಯುವವ, ಇವರ ಹೆಸರನ್ನು ಯಾರೂ ಕೇಳುವುದಿಲ್ಲ. ಕೋಜೊ ನಮ್ಮ ಹಿಪ್ಪುನೇರಳೆಯ ಬಳಗದ್ದೇ.

ನನ್ನ ಗುರುಗಳು ಆಗಾಗ ಚಿಂತೆಯಿಂದ ಹೇಳುತ್ತಿದ್ದುದು ಬರೆನ್ ಬಗ್ಗೆ. ಕಳಲೆಯನ್ನು ಹೊದ್ದಿರುವ ಪೊರೆಯನ್ನು ಎಳೆಎಳೆಯಾಗಿ ಸೀಳಿ, ಹಗ್ಗವಾಗಿ ಹೊಸೆದು, ಸುರುಳಿ ಸುತ್ತಿ, ಕಾಗದದ ಪದರಗಳ ತಟ್ಟೆಯಲ್ಲಿ ಕೂರಿಸಿ, ಮತ್ತೆ ಅದೇ ಪೊರೆಯಿಂದ ಹೊದಿಸಬೇಕು. ಅದನ್ನು ಹಳೆಯ ಕ್ರಮದಲ್ಲಿ ಮಾಡಬಲ್ಲವರು ಬೆರಳೆಣಿಕೆಯಷ್ಟು ಮಂದಿ. ದೊಡ್ಡ ಚೆರ್ರಿ ಹಲಗೆಯೂ ಸುಲಭಕ್ಕೆ ದೊರೆಯುವುದಿಲ್ಲ. ಹೊಸ ಕಲಾವಿದರು ಎಷ್ಟೇ ಪ್ರತಿಭಾವಂತರಾಗಿರಲಿ, ಈ ಉಪಕರಣಗಳು ಇಲ್ಲವಾದರೆ ಅವರ ಕೈ ಕಟ್ಟಿದಂತೆಯೇ. ಮೇಷ್ಟ್ರಿಗೆ ನನ್ನ ಉತ್ತರವೂ ಇದೇ: ‘ಮಹಾ ಅಲೆ’ಯನ್ನು ಮತ್ತೆ ಮತ್ತೆ ಒತ್ತುವ ಕೆಲಸದಿಂದಲೇ ಆ ಕೈಗಳಿಗೂ ಉಪಕರಣ ತಯಾರಕರಿಗೂ ಅನ್ನ ಸಿಗುತ್ತಿದೆ. ಟೋಕಿಯೊದ ಅದಾಚಿ ಸಂಸ್ಥೆಯ ಕುಶಲಕರ್ಮಿಗಳು ಹೊಕುಸಾಯಿಯನ್ನು ಒತ್ತುವ ಅದೇ ಕೈಗಳಿಂದ ಕುಸಾಮ ಅವರ ಫ್ಯುಜಿ ಚಿತ್ರವನ್ನೂ ಮರದಲ್ಲಿ ಕೆತ್ತಿದ್ದಾರೆ. ಕುಸಾಮ ಅವರ ಚುಕ್ಕೆಗಳನ್ನು ಒಂದೊಂದಾಗಿ ಕೆತ್ತಿ ಉಳಿಸುವುದಕ್ಕೆ ಎಂಥ ತಾಳ್ಮೆ ಬೇಕೆಂದು ಊಹಿಸಿ.

ಕಡಲ ತಡಿ | ಭಾನುವಾರ, ಮಧ್ಯಾಹ್ನ 12:15

ಉಪಕರಣದ ಮಾತು ಬಂದಾಗ ವಜಿಮ ನೆನಪಾಗುತ್ತದೆ. 2024ರ ಜನವರಿ 1ರಂದು ನೊತೊ ಭೂಕಂಪದಲ್ಲಿ ಆ ಊರಿನ ಉರುಶಿ, ಅಂದರೆ ಮರದ ರಸದಿಂದ ಮಾಡುವ ಮೆರುಗಿನ ಕಾರ್ಯಾಗಾರಗಳು ಕುಸಿದವು, ಬೆಳಗಿನ ಸಂತೆಯ ಬೀದಿ ಸುಟ್ಟು ಬೂದಿಯಾಯಿತು. ಮರವನ್ನು ಕಡೆಯುವವ, ಅಡಿಪಾಯದ ಮಣ್ಣು ಬಳಿಯುವವ, ಮೇಲಿನ ಮೆರುಗು ಕೊಡುವವ, ಚಿನ್ನದ ಚಿತ್ರ ಬರೆಯುವವ ಹೀಗೆ ಅಲ್ಲಿಯೂ ಒಂದು ಬಟ್ಟಲಿಗೆ ಹಲವು ಕೈಗಳು. ಒಂದು ಮನೆ ಬಿದ್ದರೆ ಉಳಿದ ಮನೆಗಳ ಕೆಲಸವೂ ನಿಲ್ಲುತ್ತದೆ.

ನಮ್ಮ ಕರಾವಳಿಯವರಿಗೆ ಒಂದು ಮಾತು: ಉರುಶಿ ಮರ ಗೇರು ಮತ್ತು ಮಾವಿನ ಕುಟುಂಬಕ್ಕೆ ಸೇರಿದ್ದು. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಚರ್ಮ ಸುಟ್ಟುಕೊಂಡವರಿಗೆ ಉರುಶಿ ಕೆಲಸಗಾರರ ತುರಿಕೆ ಅರ್ಥವಾದೀತು. ಜಪಾನಿನಲ್ಲಿ ಉರುಶಿಗೆ ಬದಲಾಗಿ ಬಳಸುವ ಅಗ್ಗದ ಮೆರುಗು ತಯಾರಾಗುವುದು ಗೇರುಸಿಪ್ಪೆಯ ಎಣ್ಣೆಯಿಂದಲೇ, ಅದಕ್ಕೆ ಅಲ್ಲಿ ‘ಕಶೂ’ ಎಂದೇ ಹೆಸರು.

ಹಾಸನದ ಮೇಷ್ಟ್ರು | ಭಾನುವಾರ, ಮಧ್ಯಾಹ್ನ 1:30

ಕನ್ನಡತಿಯವರು ಹೇಳಿದ್ದು ನನ್ನ ವಾದದ ಒಂದು ಭಾಗವನ್ನು ಸಡಿಲಿಸಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಕೈ ಉಳಿಯಬೇಕಾದರೆ ಕೆಲಸ ಬೇಕು. ಆದರೆ ಆ ಕೈಗಳಿಗೆ ಹೊಸ ಚಿತ್ರಗಳೂ ಸಿಗಬೇಕು ಎಂಬ ಇನ್ನೊಂದು ಭಾಗವನ್ನು ನಾನು ಬಿಟ್ಟುಕೊಡಲಾರೆ.

ಕುಂಚ ಹಿಡಿದವಳು | ಭಾನುವಾರ, ಮಧ್ಯಾಹ್ನ 2:00

ಹೊಸತಿಗೆ ನನ್ನ ಮನಸ್ಸು ಗೆದ್ದ ಉದಾಹರಣೆ ನಒಶಿಮ ದ್ವೀಪದಲ್ಲಿದೆ. 1998ರಲ್ಲಿ ಅಲ್ಲಿನ ಪಾಳುಬಿದ್ದ ಹಳೆಯ ಮನೆಯೊಂದನ್ನು ದುರಸ್ತಿ ಮಾಡಿ, ಮಿಯಜಿಮ ತತ್ಸುವೊ ಅವರು ಒಳಗಿನ ಕತ್ತಲೆಯಲ್ಲಿ ನೀರು ನಿಲ್ಲಿಸಿ, 125 ಎಲ್‌ಇಡಿ ಅಂಕಿಗಳನ್ನು ಮುಳುಗಿಸಿದರು. ಒಂದೊಂದು ಅಂಕಿ ಎಷ್ಟು ವೇಗವಾಗಿ ಎಣಿಸಬೇಕೆಂದು ತೀರ್ಮಾನಿಸಿದವರು ಆ ಊರಿನ 125 ಮಂದಿ. ಮನೆ ಹಳೆಯದು, ಗೋಡೆಯ ವಿದ್ಯೆ ಹಳೆಯದು, ಬೆಳಕು ಹೊಸದು, ಮತ್ತು ಆ ಬೆಳಕಿನಲ್ಲಿ ಊರಿನ ಅಜ್ಜಿಯರ ಪಾಲೂ ಇದೆ.

ಜಯನಗರದ ಓದುಗ | ಭಾನುವಾರ, ರಾತ್ರಿ 8:45

ಎಲ್ಲರಿಗೂ ಕೃತಜ್ಞತೆಗಳು. ಕನ್ನಡತಿಯವರ ಸಲಹೆಯಂತೆ ಇಂದು ಸಂಜೆ ಚಿಕ್ಕಪ್ಪನವರನ್ನೂ ಕರೆದು, ಇಬ್ಬರೂ ಸೇರಿ ಚೌಕಟ್ಟನ್ನು ಬಿಚ್ಚಿದೆವು. ಕಿಟಕಿಯ ಬಳಿ ಓರೆ ಬೆಳಕಿಗೆ ಹಿಡಿದಾಗ ಹಿಂಬದಿಯಲ್ಲಿ ಸುತ್ತು ಸುತ್ತಾದ ಗುರುತುಗಳು ಸ್ಪಷ್ಟವಾಗಿ ಕಂಡವು. ನೀಲಿ ಕಾಗದದ ಒಳಕ್ಕೆ ಇಳಿದು ಹಿಂದಿನಿಂದಲೂ ಅಲೆಯ ಆಕಾರ ಕಾಣುತ್ತಿತ್ತು. ಚಿಕ್ಕಪ್ಪ ಬೆರಳಿನ ತುದಿಯಿಂದ ಆ ಗುರುತುಗಳನ್ನು ಮುಟ್ಟಿ ನೋಡಿದರು.

ಇನ್ನೊಂದು ಸಂಗತಿಯೂ ಸಿಕ್ಕಿತು. ಚೌಕಟ್ಟಿನ ರಟ್ಟು ಮುಚ್ಚಿದ್ದ ಅಂಚಿನಲ್ಲಿ ಎರಡು ಸಣ್ಣ ಸಾಲುಗಳಲ್ಲಿ ಜಪಾನೀ ಅಕ್ಷರಗಳಿವೆ. ಅಂಗಡಿಯವರಿಗೆ ಅದರ ಚಿತ್ರ ಕಳುಹಿಸಿ ಕೇಳಿದ್ದಕ್ಕೆ, ಮೊದಲನೆಯ ಸಾಲು ‘ಹೊರಿ’ ಎಂದೂ ಎರಡನೆಯದು ‘ಸುರಿ’ ಎಂದೂ ಆರಂಭವಾಗುತ್ತದೆ, ಮುಂದಿನದು ಹೆಸರುಗಳು ಎಂದು ಉತ್ತರಿಸಿದ್ದಾರೆ.

ಅಚ್ಚುಮೊಳೆ | ಭಾನುವಾರ, ರಾತ್ರಿ 9:05

‘ಹೊರಿ’ ಎಂದರೆ ಕೆತ್ತನೆ, ‘ಸುರಿ’ ಎಂದರೆ ಒತ್ತುವುದು. 1830ರ ದಶಕದ ‘ಮಹಾ ಅಲೆ’ಯಲ್ಲಿ ಹೊಕುಸಾಯಿಯ ರುಜು ಇದೆ, ಕೆತ್ತಿದವನ ಹೆಸರಾಗಲಿ ಒತ್ತಿದವನ ಹೆಸರಾಗಲಿ ಇಲ್ಲ. ನಿಮ್ಮ ಪ್ರತಿಯಲ್ಲಿ ಇಬ್ಬರ ಹೆಸರೂ ಇದೆ.

ಜಯನಗರದ ಓದುಗ | ಭಾನುವಾರ, ರಾತ್ರಿ 9:20

ಹಾಗಾದರೆ ಅಂಚು ಮುಚ್ಚಿಹೋಗದಂತೆ ಬೇರೆ ಚೌಕಟ್ಟು ಮಾಡಿಸುತ್ತೇನೆ. ಚಿಕ್ಕಪ್ಪ ಹೇಳಿದ್ದೂ ಅದನ್ನೇ. ಬೆಂಗಳೂರಿನಲ್ಲಿ ಆಮ್ಲರಹಿತ ರಟ್ಟು ಹಾಕಿ, ಕಾಗದಕ್ಕೆ ಅಂಟು ಹಚ್ಚದೆ ಕೂರಿಸಿಕೊಡುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಒಸಾಕಾದ ಕನ್ನಡತಿ | ಭಾನುವಾರ, ರಾತ್ರಿ 9:32

ಬಿಸಿಲು ಬೀಳುವ ಗೋಡೆಯನ್ನು ಮಾತ್ರ ತಪ್ಪಿಸಿ. ಪ್ರಷ್ಯನ್ ನೀಲಿ ಬಿಸಿಲನ್ನು ಒಂದಿಷ್ಟು ತಡೆದೀತು, ಆಕಾಶದ ಆ ತೆಳು ಬಣ್ಣ ತಡೆಯುವುದಿಲ್ಲ.